ಬೆಂಕಿಪೊಟ್ಟಣದಲ್ಲಿ ನಾಲ್ಕು ಫ್ಯೂಸು

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಸುಭದ್ರಕ್ಕನ ರಿಪೇರಿ ಶೆಡ್ಡಿಗೆ ಗಾಡಿ ಇಲ್ಲದೆ ಯಾರೂ ಬರುವುದಿಲ್ಲ. ಆ ಸೋಮವಾರ ಕಾಫಿ ತೋಟದ ಜೀಪ್ ಡ್ರೈವರ್ ತಿಮ್ಮಪ್ಪ ಬರಿಗೈಯಲ್ಲಿ ಬಂದಾಗ ನಿರಂಜನನಿಗೆ ಸೋಜಿಗವಾಯಿತು. ನಿರಂಜನ ನಿವೃತ್ತ ಬಸ್ ಕಂಡಕ್ಟರ್. ಶೆಡ್ಡಿನಲ್ಲಿ ಅವನಿಗೆ ಯಾವ ಕೆಲಸವೂ ಇಲ್ಲ, ಆದರೆ ಸ್ಟೂಲು ಅವನದೇ. ಐಟಿಐಯಲ್ಲಿ ವೈರಿಂಗ್ ಕಲಿಸಿ ನಿವೃತ್ತರಾದ ಸುಭದ್ರಕ್ಕ ಎಲ್ಲೆಲ್ಲಿ ಯಾವ ಕಳ್ಳ ಫಾಲ್ಟ್ ಹಿಡಿದರು ಎಂದು ಊರಿಗೆಲ್ಲ ಹೇಳುವ ಗುತ್ತಿಗೆಯನ್ನು ತಾನಾಗಿಯೇ ಹಿಡಿದಿದ್ದ.

ತಿಮ್ಮಪ್ಪ ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲೆ ಸುರಿದ. ನಾಲ್ಕು ಗಾಜಿನ ಫ್ಯೂಸು.

"ಜೀಪಿನ ಲೈಟ್ ಹೋಗ್ತದೆ ಅಕ್ಕಾ. ದೀಪಾವಳಿ ಆದ್ಮೇಲೆ ನಾಲ್ಕು ಸಲ. ಲೈಟಿಗೆಲ್ಲ ಒಂದೇ ಫ್ಯೂಸು, ಅದು ಹೋದ್ರೆ ಮುಂದಿಂದು ಹಿಂದಿಂದು ಎಲ್ಲಾ ಕತ್ಲೆ. ಮೊನ್ನೆ ಮಂಜಲ್ಲಿ ತಿರುವಿನ ಹತ್ರ ಹೋಯ್ತು. ರಸ್ತೆ ಪಕ್ಕದ ಮಣ್ಣಿನ ಧರೆಗೆ ಗುದ್ದಿದೆ. ಹಿಂದೆ ಕೂತಿದ್ದ ಕೆಲಸದ ಪಾಪಮ್ಮನ ಕೈ ಮುರೀತು."

"ಗ್ಯಾರೇಜಲ್ಲಿ ತೋರಿಸಿದ್ರಾ?"

"ಎರಡು ಸಲ. ಏನೂ ಫಾಲ್ಟಿಲ್ಲ ಅಂತಾರೆ. ತೋಟದ ಯಜಮಾನ್ರು ಚನ್ನಕೇಶವ ಗೌಡ್ರು ನಾನೇ ಬೇಕಂತ ಕೆಡಿಸಿದೆ ಅಂತಾರೆ. ಮಗಳ ಬಾಣಂತನಕ್ಕೆ ರಜೆ ಕೊಡ್ಲಿಲ್ಲ, ಆ ಸಿಟ್ಟಿಗಂತೆ! ಕೆಲಸದವ್ರೆಲ್ಲರ ಎದುರಿಗೆ ಕೀ ಕಿತ್ಕೊಂಡ್ರು. ಆಲ್ದೂರಿನ ಎಸ್ಟೇಟಿಗೂ ಫೋನ್ ಮಾಡಿ, ಇವ್ನನ್ನ ಸೇರಿಸ್ಕೋಬೇಡಿ ಅಂದ್ರು. ಹತ್ತೊಂಬತ್ತು ವರ್ಷ ಅಕ್ಕಾ! ಹಿಂದೆ ಹೆಂಗಸ್ರನ್ನ ಕೂರಿಸ್ಕೊಂಡು ನಾನು ಲೈಟ್ ಕೆಡಿಸ್ತೀನಾ?"

ನಿರಂಜನನಿಗೆ ಮೈಯೆಲ್ಲ ಉರಿಯಿತು. ಡ್ರೈವರನ ಹೆಸರು ಒಮ್ಮೆ ಕೆಟ್ಟರೆ ಯಾವ ತೋಟದಲ್ಲೂ ಸ್ಟೀರಿಂಗ್ ಸಿಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಸುಭದ್ರಕ್ಕ ಫ್ಯೂಸುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. "ನಾಲ್ಕರಲ್ಲೂ ಗಾಜಿನೊಳಗೆ ಮಸಿ. ಎಲ್ಲೋ ತಂತಿ ಜೀಪಿನ ತಗಡಿಗೆ ತಾಗಿ, ಒಂದೇ ಏಟಿಗೆ ಸುಟ್ಟಿವೆ. ಯಾವ ಹೊತ್ತಲ್ಲಿ ಹೋಗಿದ್ದು?"

"ನಾಲ್ಕೂ ಸಲ ಬೆಳಿಗ್ಗೆನೇ. ಜನಾನ ಕರ್ಕೊಂಡು ಹೋಗೋವಾಗ."

"ಸಂಜೆ?"

"ಸಂಜೆ ಬಿಡೋವಾಗ್ಲೂ ಲೈಟ್ ಹಾಕ್ತೀನಿ. ಅದೇ ಜನ, ಅದೇ ರಸ್ತೆ. ಒಂದ್ಸಲವೂ ಹೋಗಿಲ್ಲ."

"ಜೀಪು ನೋಡೋಣ," ಎಂದು ಸುಭದ್ರಕ್ಕ ಫ್ಯೂಸುಗಳನ್ನು ಪೊಟ್ಟಣಕ್ಕೆ ಹಾಕಿದರು.

ಮಧ್ಯಾಹ್ನ ಮೂವರೂ ತೋಟಕ್ಕೆ ಹೋದರು. ಚನ್ನಕೇಶವ ಗೌಡರು ಕೆಟ್ಟವರಲ್ಲ, ಹಟಮಾರಿ. ಕಾಫಿ ಕೊಟ್ಟು ಕೂರಿಸಿಯೇ ವಾದಕ್ಕೆ ಇಳಿದರು.

"ನೋಡಿ ಮೇಡಂ, ಹೋದ ಭಾನುವಾರ ಬೆಳಗಿನ ಜಾವ ನಾನೇ ಜೀಪಲ್ಲಿ ಹೊರನಾಡಿಗೆ ಹೋಗಿ ಬಂದೆ. ದಾರಿಯುದ್ದಕ್ಕೂ ಮಂಜು. ಲೈಟ್ ಹೋಯ್ತಾ? ಇವ್ನ ಕೈಯಲ್ಲಿ ಮಾತ್ರ ಯಾಕೆ ಹೋಗ್ಬೇಕು? ನನ್ನ ಜನಾನ ನಾನು ಚೆನ್ನಾಗೇ ನೋಡ್ಕೊಳ್ತೀನಿ. ಹಬ್ಬ ಮುಗಿದ ಮಾರನೇ ದಿನ ಜೀಪೆಲ್ಲ ತೊಳೆಸಿ, ಸೀಟಿಗೆ ಹೊಸ ರೆಕ್ಸಿನ್ ಹಾಕ್ಸಿ, ಅವ್ರ ಬುತ್ತಿ ಚೀಲಕ್ಕೆ ಕೊಕ್ಕೆನೂ ನಾನೇ ಕೈಯಾರೆ ಹಾಕಿದೆ. ಅಂಥಾದ್ರಲ್ಲಿ ಇವ್ನು..."

ತಿಮ್ಮಪ್ಪ ತಲೆ ತಗ್ಗಿಸಿ ಅಂಗಳದಲ್ಲೇ ನಿಂತಿದ್ದ.

ಸುಭದ್ರಕ್ಕ ಜೀಪಿನ ದೀಪಗಳ ಬಲ್ಬುಗಳನ್ನೆಲ್ಲ ಬಿಚ್ಚಿಸಿ, ಫ್ಯೂಸಿನ ಜಾಗಕ್ಕೆ ಒಂದು ಬಲ್ಬು ಜೋಡಿಸಿ, ಲೈಟಿನ ಸ್ವಿಚ್ ಹಾಕಿದರು. "ತಂತಿ ಎಲ್ಲೇ ತಾಗ್ಲಿ, ಫ್ಯೂಸ್ ಸುಡೋ ಬದ್ಲು ಇದು ಉರೀತದೆ. ಅಲ್ಲಿವರೆಗೆ ಉರಿಯಲ್ಲ."

ತೋಟದ ಗುಂಡಿ ರಸ್ತೆಯಲ್ಲಿ ಎರಡು ಸುತ್ತು ಹಾಕಿದರು. ಬಲ್ಬು ಉರಿಯಲಿಲ್ಲ. ಮಂಜಿನ ತೇವವೇ ಕಾರಣವಿರಬೇಕೆಂದು ನಿರಂಜನ ಎರಡು ಕೊಡ ನೀರು ಸುರಿದ. ಉಹೂಂ. ಅವನ ಪ್ಯಾಂಟು ಮಾತ್ರ ಒದ್ದೆಯಾಯಿತು.

"ಆಯ್ತಲ್ಲ?" ಎಂದರು ಗೌಡರು.

"ನಾಳೆ ಬೆಳಿಗ್ಗೆ ಕೆಲಸದವ್ರು ಬಂದ ತಕ್ಷಣ ಕಣದಲ್ಲಿ ಎಲ್ರನ್ನೂ ನಿಲ್ಲಿಸಿ, ಗೌಡ್ರೇ. ಪಾಪಮ್ಮನೂ ದಿನದ ಹಾಗೇ ಎಲ್ಲಾ ಕಟ್ಕೊಂಡು ಬರ್ಲಿ."

ಹಿಂದಿರುಗುವಾಗ ಸುಭದ್ರಕ್ಕ ಕೇಳಿದರು: "ಬೆಳಿಗ್ಗೆ ಇರ್ತದೆ, ಸಂಜೆ ಇರಲ್ಲ. ಭಾನುವಾರ ಇಲ್ಲವೇ ಇಲ್ಲ. ಏನು ಹೇಳು ನಿರಂಜನ?"

"ನಿದ್ದೆ," ಎಂದ ನಿರಂಜನ.

"ನಿನ್ನ ತಲೆ, ಮಾರಾಯ!"

ಮರುದಿನ ಏಳೂವರೆಗೆ ಕಾಫಿ ಒಣಗಿಸುವ ಕಣದಲ್ಲಿ ಎಲ್ಲರೂ ಸೇರಿದರು. ಪಾಪಮ್ಮ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದಳು. ಸುಭದ್ರಕ್ಕ ಹೆಂಗಸರನ್ನು ದಿನದಂತೆ ಜೀಪಿನೊಳಗೆ ಕೂರಿಸಿ, ನಿರಂಜನನಿಗೆ ಜೀಪನ್ನು ಅಲ್ಲಾಡಿಸಲು ಹೇಳಿದರು. ಬಲ್ಬು ಉರಿಯಲಿಲ್ಲ.

"ಜನರ ಭಾರದಿಂದ ಅಲ್ಲ ಅಂತಾಯ್ತು. ಈಗ ನಿಮ್ಮ ಬುತ್ತಿ ಚೀಲಗಳನ್ನ ದಿನಾ ಎಲ್ಲಿ ಹಾಕ್ತಿದ್ರೋ ಅಲ್ಲೇ ಹಾಕಿ."

ಚೀಲಗಳು ಒಂದೊಂದಾಗಿ ಕೊಕ್ಕೆ ಏರಿದವು. ಕೊನೆಯದು ಪಾಪಮ್ಮನದು, ಮೂರು ಡಬ್ಬಿಯ ಕ್ಯಾರಿಯರ್, ಎರಡು ಬಾಟಲಿ ನೀರು. ನಿರಂಜನ ಇನ್ನೊಮ್ಮೆ ಅಲ್ಲಾಡಿಸಿದ. ಬಲ್ಬು ಝಗ್ಗನೆ ಉರಿಯಿತು! ಪಾಪಮ್ಮನ ಚೀಲ ತೆಗೆದರು, ಆರಿತು. ಹಾಕಿ ಅಲ್ಲಾಡಿಸಿದರು, ಮತ್ತೆ ಉರಿಯಿತು.

"ಬೆಳಿಗ್ಗೆ ಬುತ್ತಿ ತುಂಬಿರ್ತದೆ, ಸಂಜೆ ಡಬ್ಬಿ ಖಾಲಿ," ಎಂದರು ಸುಭದ್ರಕ್ಕ. "ಭಾನುವಾರ ಬುತ್ತಿನೇ ಇಲ್ಲ, ಅದಕ್ಕೆ ಗೌಡ್ರ ಕೈಯಲ್ಲಿ ಲೈಟ್ ಹೋಗ್ಲಿಲ್ಲ. ಗ್ಯಾರೇಜಿಗೆ ಹೋಗಿದ್ದೂ ಖಾಲಿ ಜೀಪೇ. ಫಾಲ್ಟ್ ಶುರುವಾಗಿದ್ದು ದೀಪಾವಳಿ ಆದ್ಮೇಲೆ, ಕೊಕ್ಕೆ ಬಂದಿದ್ದೂ ಆಗಲೇ."

ಕೊನೆಯ ಕೊಕ್ಕೆಯ ಸ್ಕ್ರೂ ಬಿಚ್ಚಿ ಅಂಗೈಯಲ್ಲಿ ಹಿಡಿದರು. ಎರಡು ಇಂಚು ಉದ್ದ. ತುದಿಯಲ್ಲಿ ಸುಟ್ಟ ಕಲೆ. "ಕೊಕ್ಕೆ ಹಾಕಿರೋ ಈ ತಗಡಿನ ಹಿಂದೆ ಲೈಟಿನ ತಂತಿ ಹೋಗಿದೆ. ಸ್ಕ್ರೂ ಅದರ ಸಿಪ್ಪೆ ಕೆರೆದಿದೆ. ಚೀಲದ ಭಾರಕ್ಕೆ ಕೊಕ್ಕೆ ವಾಲಿ ಗುಂಡಿಯಲ್ಲಿ ಕುಲುಕಿದ್ರೆ, ತುದಿ ತಾಮ್ರಕ್ಕೆ ತಾಗ್ತದೆ. ಯಾರೂ ಬೇಕಂತ ಮಾಡಿದ್ದಲ್ಲ."

ಕೊಕ್ಕೆ ಹಾಕಿದ್ದು ಯಾರೆಂದು ಅವರು ಕೇಳಲಿಲ್ಲ. ಎಲ್ಲರೂ ಗೌಡರನ್ನೇ ನೋಡಿದರು.

"ಅಯ್ಯೋ, ಸಾರು ಚೆಲ್ತದೆ ಕೊಕ್ಕೆ ಹಾಕ್ಸಿ ಅಂತ ನಾನೇ ಗೌಡ್ರಿಗೆ ಗಂಟು ಬಿದ್ದಿದ್ದು!" ಎಂದು ಪಾಪಮ್ಮ ಅತ್ತೇಬಿಟ್ಟಳು.

"ನೀನು ಕೇಳಿದ್ದು ತಪ್ಪಲ್ಲ ಪಾಪಮ್ಮ," ಎಂದರು ಗೌಡರು. ಅವರ ಮುಖ ಸಪ್ಪಗಾಗಿತ್ತು. ಕೀ ತೆಗೆದು ಚಾಚಿದರು. "ತಪ್ಪಾಯ್ತು ತಿಮ್ಮಪ್ಪ. ತಗೋ."

ತಿಮ್ಮಪ್ಪ ಕೈ ನೀಡಲಿಲ್ಲ. "ಆಲ್ದೂರಿಗೆ ಫೋನ್ ಮಾಡಿದ್ರಲ್ಲ ಗೌಡ್ರೇ. ಅಲ್ಲಿಗೂ ಹೇಳ್ಬಿಡಿ. ಇವ್ರೆಲ್ಲರ ಎದುರಿಗೇ."

ಗೌಡರು ಜೇಬಿನಿಂದ ಫೋನ್ ತೆಗೆದು ಆಲ್ದೂರಿಗೆ ಕರೆ ಮಾಡಿದರು. "ನಾನು, ಚನ್ನಕೇಶವ. ತಿಮ್ಮಪ್ಪನ ಬಗ್ಗೆ ಹೇಳಿದ್ನಲ್ಲ, ಅದು ಸುಳ್ಳು. ಅವ್ನು ಏನೂ ಮಾಡಿಲ್ಲ. ಜೀಪಿನ ಲೈಟ್ ಕೆಡಿಸಿದ್ದು ನಾನೇ."

ತಿಮ್ಮಪ್ಪ ಎರಡೂ ಕೈ ಚಾಚಿ ಕೀ ತೆಗೆದುಕೊಂಡ. ನಿರಂಜನ ಪಕ್ಕಕ್ಕೆ ತಿರುಗಿ ಮೂಗು ಒರೆಸಿಕೊಂಡ.

ತಂತಿಗೆ ಟೇಪು ಸುತ್ತಿ, ಬಲ್ಬುಗಳನ್ನು ಹಾಕಿ, ಹೊಸ ಫ್ಯೂಸು ಕೂರಿಸುವ ಹೊತ್ತಿಗೆ ಒಂಬತ್ತು ದಾಟಿ ಬಿಸಿಲೇರಿತ್ತು. ಹೆಂಗಸರು ಚೀಲಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ಹಾಡುಹಗಲಲ್ಲಿ ಜೀಪಿನ ದೀಪಗಳೆಲ್ಲ ಉರಿಯುತ್ತಿದ್ದವು.

"ಏ ತಿಮ್ಮಪ್ಪ, ಲೈಟ್—" ಎಂದು ಕೂಗಲು ಹೊರಟ ನಿರಂಜನನ ತೋಳನ್ನು ಸುಭದ್ರಕ್ಕ ಹಿಡಿದರು.

"ಇರ್ಲಿ ಬಿಡು ಮಾರಾಯ," ಎಂದರು. "ಎಲ್ರೂ ನೋಡ್ಲಿ."