ರಕಾರವಿಲ್ಲದ ಬಿರುದು

ಹೇಮಗುಂದದ ಅರಮನೆಯ ಮುಂದಣ ಚೌಕದಲ್ಲಿ ಆ ಬೆಳಿಗ್ಗೆ ಎಳ್ಳು ಚೆಲ್ಲಿದರೆ ನೆಲಕ್ಕೆ ಬೀಳದಷ್ಟು ಜನಸಂದಣಿ. ಮೂಡಲಿಗೆ ಸಿಂಗರಿಸಿದ ಆನೆಗಳ ಘಂಟಾನಾದ, ಪಡುವಲಿಗೆ ವಧಾಸ್ತಂಭ, ನಡುವೆ ರೇಷ್ಮೆ ಹೊದಿಸಿದ ಆಳೆತ್ತರದ ಶಿಲಾಶಾಸನ. ಒಂದೇ ಚೌಕದಲ್ಲಿ ಒಬ್ಬನಿಗೆ ಬಿರುದು, ಇನ್ನೊಬ್ಬನಿಗೆ ಮರಣ! ಆ ಅರಮನೆಗೆ ನಾಚಿಕೆಯೆಂಬುದೇ ಇರಲಿಲ್ಲ.

ಬಿರುದು ಮಹಾಪ್ರಧಾನ ಕೇತಿಮಯ್ಯನಿಗೆ. ಮರಣ ದಂಡನಾಯಕ ಬೂಚಣನಿಗೆ. ಗಡಿಯ ಕಲ್ಗುಂದ ದುರ್ಗವನ್ನು ವೈರಿಗೆ ಒಪ್ಪಿಸಿದನೆಂಬುದು ಅವನ ಮೇಲಿನ ಆರೋಪ. ಒಪ್ಪಿಸಿದವನು ಕೇತಿಮಯ್ಯನೆಂದು ಬಲ್ಲವನು ಶಾಸನ ಕೆತ್ತುವ ಮಾಬೋಜನೊಬ್ಬನೇ. ಆ ಗುಟ್ಟಿನ ಒಪ್ಪಂದವನ್ನು ತಾಮ್ರಪಟದಲ್ಲಿ ಕೊರೆದವನೇ ಅವನು. ಆದರೆ ಪ್ರಧಾನನ ಮಾತಿನೆದುರು ಕಲ್ಲುಕುಟಿಗನ ಮಾತನ್ನು ನಂಬುವವರಾರು?

ರೇಷ್ಮೆ ಸರಿಯಿತು. ಕರಣಿಕನು ಗಟ್ಟಿಯಾಗಿ ಓದುತ್ತ ಬಂದು, ಬಿರುದಿನ ಬಳಿ ತಡವರಿಸಿದನು. ಕೆತ್ತಬೇಕಾಗಿದ್ದುದು ‘ಸ್ವಾಮಿದ್ರೋಹರ ಗಂಡ’, ಎಂದರೆ ಒಡೆಯನಿಗೆ ಎರಡು ಬಗೆದವರನ್ನು ಅಡಗಿಸುವ ಶೂರ. ಕಲ್ಲಿನಲ್ಲಿ ‘ರ’ ಇರಲಿಲ್ಲ. ‘ಸ್ವಾಮಿದ್ರೋಹ ಗಂಡ’, ದ್ರೋಹದಲ್ಲೇ ಶೂರ! ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಎಲವೋ ನೀಚ! ರಾಜಶಾಸನದ ಅಕ್ಷರ ಕೆಡಿಸಿದವನ ಹೆಬ್ಬೆರಳು ಉಳಿಯದೆಂಬ ಕಟ್ಟಳೆ ಮರೆತೆಯಾ?” ಕೇತಿಮಯ್ಯನು ಮಾಬೋಜನತ್ತ ತಿರುಗಿ ಗರ್ಜಿಸಿದನು.

“ಮರೆತಿಲ್ಲ ಸ್ವಾಮಿ. ಕಲ್ಗುಂದದ ಒಪ್ಪಂದ ಕೊರೆದ ಈ ಕೈಗೆ ಆ ಒಂದು ‘ರ’ ಕೊರೆಯಲಾಗಲಿಲ್ಲ.”

“ಯಾವ ಒಪ್ಪಂದ, ಪ್ರಧಾನರೆ?” ದೊರೆ ಚಟ್ಟಿಗದೇವನು ಎದ್ದು ನಿಂತನು.

ಇಲ್ಲವೆಂದಿದ್ದರೆ ಕೇತಿಮಯ್ಯ ಬದುಕಿಕೊಳ್ಳುತ್ತಿದ್ದ. ಆದರೆ ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಅದನ್ನು ಪಾಯಸವೆಂದೇ ಉಣ್ಣುವ ಜಾತಿ ಅದು. ದ್ರೋಹಿಯೆಂಬ ಮಾತು ಅವನಿಗೆ ಸಹ್ಯವಾಗಲಿಲ್ಲ.

“ದ್ರೋಹವೆ? ವೈರಿಯ ದಂಡು ನಮ್ಮದರ ಮೂರ್ಮಡಿಯಿತ್ತು, ಪ್ರಭು! ಒಂದು ದುರ್ಗ ಕೊಟ್ಟು ರಾಜ್ಯವನ್ನೇ ಉಳಿಸಿದೆ. ನನಗಿಂತ ನಿಷ್ಠಾವಂತನನ್ನು ತೋರಿಸಿರಿ!”

“ಹಾಗಾದರೆ ಬೂಚಣನ ತಲೆ?”

“ಅಪವಾದವನ್ನು ಯಾರಾದರೊಬ್ಬರು ಹೊರಲೇಬೇಕಿತ್ತು.”

ಈಗ ಯಾರೂ ನಗಲಿಲ್ಲ. ಅರಸನ ಕೈಸನ್ನೆಯಾಯಿತು, ಭಟರು ಬೂಚಣನ ಸಂಕಲೆ ಕಳಚಿ ಪ್ರಧಾನನಿಗೆ ತೊಡಿಸಿದರು.

“ಮಾಬೋಜ, ನಿನ್ನ ತಪ್ಪನ್ನು ಮನ್ನಿಸಿದ್ದೇವೆ. ಇಂದಿನಿಂದ ನೀನು ‘ಸತ್ಯವೀರ’,” ಎಂದನು ದೊರೆ.

ಮಾಬೋಜನ ಮುಖ ಕೆಂಡವಾಯಿತು. “ಬೇಡ, ಪ್ರಭು! ಆ ತಾಮ್ರಪಟ ಕೊರೆದು ಎಂಟು ತಿಂಗಳು ಬಾಯಿ ಮುಚ್ಚಿಕೊಂಡು ಉಂಡವನು ನಾನು. ತಾವೋ, ಧರ್ಮಪ್ರಭುವೆಂದು ಕರೆಸಿಕೊಳ್ಳುವವರು, ಈ ದಂಡನಾಯಕರನ್ನು ಒಮ್ಮೆಯಾದರೂ ಎದುರು ಕೂರಿಸಿ ಕೇಳಿದಿರಾ? ನಮಗೆಲ್ಲ ನಮ್ಮ ನಮ್ಮ ಬಿರುದು ಬಲು ಚೆಂದ! ಇನ್ನು ಯಾರ ಸುಳ್ಳನ್ನೂ ಈ ಕೈ ಕೊರೆಯದಿರಲಿ. ಕಟ್ಟಳೆ ನಡೆಯಲಿ.”

ಬೂಚಣನು ಬೇಡವೆಂದು ಓಡಿಬಂದನು. ಅಷ್ಟರಲ್ಲಿ ಮಾಬೋಜ ತನ್ನ ಹೆಬ್ಬೆರಳನ್ನು ಕಲ್ಲಿನ ಮೇಲಿಟ್ಟು ತಾನೇ ಉಳಿ ಎತ್ತಿದ್ದನು. ದೊರೆ ಮುಖ ತಿರುಗಿಸಿಕೊಂಡನು. ಮಾಬೋಜ ಕಣ್ಣು ಮುಚ್ಚಲಿಲ್ಲ.