ಅಕ್ಕನ ಪಾಲಿನ ಸೂಜಿ

ಡಾಕ್ಟರು ಹೊದಿಕೆ ಸರಿಸಿ ರೋಗಿಯ ತೊಡೆ ತೋರಿಸಿದರು. ಸೂಜಿ ಚುಚ್ಚಿದ ಗುರುತುಗಳು. ಕೆಲವು ಹಳೆಯವು, ಒಂದು ಇನ್ನೂ ಹಸಿ.

"ಈಕೆಗೆ ನಾನು ಕೊಟ್ಟಿದ್ದು ಬರೀ ಮಾತ್ರೆ. ನರದ ಕಾಯಿಲೆ. ಕೋಲು ಹಿಡಿದು ನಡೀತಿದ್ಳು. ಈಗ ಎರಡೂ ಕಾಲು ಹೋಗಿವೆ. ಯಾರೋ ಕದ್ದುಮುಚ್ಚಿ ಏನೋ ಚುಚ್ಚಿದ್ದಾರೆ."

ಮಹಿಳಾ ಇನ್‌ಸ್ಪೆಕ್ಟರ್ ಮಂಚದ ಬಳಿ ಬಾಗಿದರು. "ಯಾರಮ್ಮ ಚುಚ್ಚಿದ್ದು?"

"ನಾನೇ."

ಆಕೆಯ ಕೈ ನಡುಗುತ್ತಿತ್ತು. ನೀರಿನ ಲೋಟವನ್ನೂ ನರ್ಸೇ ಬಾಯಿಗೆ ಹಿಡಿಯಬೇಕಿತ್ತು. ಸುಳ್ಳೆಂದು ತಿಳಿಯಲು ಪೊಲೀಸರೇ ಬೇಕಿರಲಿಲ್ಲ.

*

ಆಕೆ ಇದ್ದದ್ದು ಅಕ್ಕನ ಮನೆಯಲ್ಲಿ. ಭಾವನದು ಔಷಧಿ ಅಂಗಡಿ. ಅನುಮಾನ ನೇರ ಅವನ ಮೇಲೆ ಹೋಯಿತು.

"ಔಷಧಿ ಮಾರೋನೆಲ್ಲ ವಿಷ ಹಾಕ್ತಾನಾ ಮೇಡಂ? ಹಾಗಾದ್ರೆ ಮೊದ್ಲು ಕಟಿಂಗ್ ಶಾಪಿನೋರನ್ನ ಹಿಡೀರಿ, ದಿನಾ ಕುತ್ತಿಗೆ ಹತ್ರ ಕತ್ತಿ ತರ್ತಾರೆ." ಅವನು ಫ್ರಿಜ್ ತೆರೆದ. "ಮನೇಲಿರೋ ಇಂಜೆಕ್ಷನ್ ಇದೊಂದೇ. ನನ್ನ ಹೆಂಡ್ತೀದು, ಸಂಧಿವಾತಕ್ಕೆ. ಇದು ಬಂದ್ಮೇಲೇ ಅವಳು ಮತ್ತೆ ಹೊಲಿಗೆ ಮಷೀನ್ ಮುಟ್ಟಿದ್ದು."

ಪೆನ್ನಿನಂಥ ಸಿರಿಂಜು. ಅಂಗೈಯಿಂದ ಒತ್ತಿದರೂ ಸಾಕು. ಖಾಲಿಯಾದವೆಲ್ಲ ಡಬ್ಬದಲ್ಲಿದ್ದವು. ಒಂದೂ ಕಳವಾಗಿರಲಿಲ್ಲ.

ಅಕ್ಕ ಚಹಾ ತಂದಳು. ತಟ್ಟೆಯನ್ನು ಬೆರಳಲ್ಲಿ ಹಿಡಿದಿರಲಿಲ್ಲ, ಮುಂಗೈಗಳ ಮೇಲೆ ಹೊತ್ತು ತಂದಿದ್ದಳು. ಗೆಣ್ಣುಗಳು ಕೆಂಪಗೆ ಊದಿದ್ದವು. ಮಷೀನಿನ ಮೇಲೆ ಧೂಳು ಕೂತಿತ್ತು.

ಇನ್‌ಸ್ಪೆಕ್ಟರ್ ಲೋಟ ಮುಟ್ಟಲಿಲ್ಲ. "ಔಷಧಿ ಖಾಲಿಯಾಗಿದೆ. ನಿಮ್ಮ ಮೈಗೆ ಹೋಗಿದ್ರೆ ಬೆರಳು ಹೀಗಿರ್ತಿರಲಿಲ್ಲ. ಎಲ್ಲಿಗೆ ಹೋಯ್ತಮ್ಮ?"

ಗಂಡ ಅವಳ ಕೈಗಳನ್ನು ಅಂದೇ ಮೊದಲು ಕಂಡವನಂತೆ ನೋಡಿದ.

"ಇಬ್ರದೂ ಮೈ ತನ್ನನ್ನೇ ತಿನ್ನೋ ರೋಗ," ಎಂದಳು ಅಕ್ಕ. "ನಂಗೆ ಗುಣ ಆಗಿತ್ತು. ಅವಳು ಕಣ್ಣೆದುರೇ ಗೋಡೆ ಹಿಡ್ಕೊಂಡು ಓಡಾಡ್ತಿದ್ಳು. ಅವಳಿಗೂ ಕೊಡಿ ಅಂದೆ. ಡಾಕ್ಟ್ರು ಆಗಲ್ಲ ಅಂದ್ರು. ನನ್ನ ಪಾಲಿಂದು ನಾನು ಕೊಟ್ಟೆ. ಅದು ಕಳ್ಳತನವಾ?"

*

ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟರು ವಿವರಿಸಿದರು. "ರಕ್ತದ ರಕ್ಷಣಾ ಕಣಗಳಿಗೆ 'ದಾಳಿ ಮಾಡಿ' ಅಂತ ಸುದ್ದಿ ಒಯ್ಯೋ ಪ್ರೋಟೀನು ಒಂದಿದೆ. ಅಕ್ಕನ ಕೀಲು ಸುಡೋದು ಅದೇ. ಈ ಔಷಧಿ ಅದನ್ನ ತಡೆಯುತ್ತೆ. ಆದ್ರೆ ತಂಗಿಯ ಕಾಯಿಲೇಲಿ ಅದನ್ನ ತಡೆದ್ರೆ ನರದ ಹೊದಿಕೆ ಇನ್ನೂ ಬೇಗ ಕಿತ್ತುಹೋಗುತ್ತೆ."

"ಇದನ್ನ ಅಕ್ಕನಿಗೆ ಹೇಳಿದ್ರಾ?"

"ಆಗಲ್ಲ ಅಂದಿದ್ದೆ."

"ಯಾಕೆ ಅಂತ?"

ಡಾಕ್ಟರು ಕನ್ನಡಕ ಒರೆಸಿದರು. "ಕಾಲು ಮರಳಿ ಬರೋದಿಲ್ಲ. ನಡುವೆ ಬಿಟ್ಟ ಔಷಧಿ ಇನ್ನು ಅಕ್ಕನಿಗೂ ನಾಟೋದು ಕಷ್ಟ."

ಇನ್‌ಸ್ಪೆಕ್ಟರ್ ಒಳಗೆ ಹೋದರು. ತಂಗಿ ಬಾಗಿಲನ್ನೇ ನೋಡುತ್ತಿದ್ದಳು.

"ಅಕ್ಕನ್ನ ಬಿಟ್ಬಿಡಿ ಮೇಡಂ. ಅವಳು ಬರ್ಲಿ. ಇನ್ನೊಂದೆರಡು ಸೂಜಿ ಬಿದ್ರೆ ಎದ್ದು ನಿಲ್ತೀನಿ."