ಓಕರ್ ಗೋಡೆಗೆ ಐದನೇ ಕೋಟ್

ನಾಲ್ಕನೇ ಸಲವೂ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಅದೇ ಮಾತು: "ಇದಲ್ಲ."

ಅವಳು ರೋಲರ್ ಕೆಳಗಿಟ್ಟು ಹಲ್ಲು ಕಡಿದಳು. ಹನ್ನೆರಡು ವರ್ಷದಿಂದ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದಾಳೆ, ಯಾವ ಗೋಡೆಯೂ ಹೀಗೆ ಜೀವ ತಿಂದಿರಲಿಲ್ಲ. ಮನೆಯ ಯಜಮಾನ ಕೇಳಿದ್ದು ಓಕರ್, ಬೆಚ್ಚನೆಯ ಮಣ್ಣು ಹಳದಿ. ಅವಳು ಹೊಡೆದದ್ದೂ ಅದನ್ನೇ. ಮಧ್ಯಾಹ್ನದ ಬಿಸಿಲಲ್ಲಿ ಆ ಗೋಡೆ ಎಷ್ಟು ಚೆಂದ ಕಾಣುತ್ತಿತ್ತೆಂದರೆ, ದಿನಾ ಅದರ ಎದುರೇ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದಳು.

ಆ ಯಜಮಾನನನ್ನು ಕಂಡದ್ದು ಒಂದೇ ಸಲ, ಬೀಗದ ಕೈ ಕೊಟ್ಟ ದಿನ. ಲ್ಯಾಬಿನಲ್ಲಿ ಕೃತಕ ಹಲ್ಲು ತಯಾರಿಸುವವನು. ಅವಳು ಬರುವ ಮೊದಲೇ ಹೋಗುತ್ತಾನೆ, ಹೋದ ಮೇಲೆ ಬರುತ್ತಾನೆ. ಇಬ್ಬರ ಮಾತೆಲ್ಲ ಗೋಡೆಯ ಮೇಲೆಯೇ. "ಇದಲ್ಲ"ದ ಕೆಳಗೆ ಒಂದು ದಿನ "ಫ್ಲಾಸ್ಕಿನಲ್ಲಿ ಟೀ ಇದೆ" ಎಂದಿತ್ತು. ಇನ್ನೊಂದು ದಿನ "ಸ್ಟೂಲ್ ಅಲ್ಲಾಡ್ತಿತ್ತು, ಸರಿ ಮಾಡಿದೀನಿ." ಆ ಸಾಲುಗಳ ಮೇಲೆ ಬಣ್ಣ ಹೊಡೆಯಲು ಅವಳಿಗೆ ಕೈಯೇ ಬಂದಿರಲಿಲ್ಲ. ಸಿಟ್ಟು ಹೆಚ್ಚಾದದ್ದು ಅದಕ್ಕೇ.

"ಊರಿಗೆಲ್ಲ ಹಲ್ಲು ಕಟ್ಟೋನು ನನ್ನ ಹಲ್ಲು ಕಡಿಸ್ತಾ ಇದಾನೆ ಕಣೇ ಅಕ್ಕ," ಎಂದಳು ಫೋನಿನಲ್ಲಿ.

"ಸಾಕಾದ್ರೆ ಬಿಟ್ಟು ಬಾ."

"ಬಿಡಕ್ಕಾಗಲ್ಲ."

"ಯಾವುದನ್ನ, ಗೋಡೆನಾ?"

ಅವಳು ಫೋನ್ ಇಟ್ಟುಬಿಟ್ಟಳು. ಆ ಸಂಜೆ ಮನೆಗೂ ಹೋಗದೆ, ಜಗಳಕ್ಕೆಂದೇ ಸ್ಟೂಲಿನ ಮೇಲೆ ಕಾದು ಕೂತಳು.

ಬಾಗಿಲು ತೆಗೆದವನು ಬೆಚ್ಚಿಬಿದ್ದ. "ನೀವಿನ್ನೂ ಹೋಗಿಲ್ವಾ?"

"ಇದು ಓಕರ್ ಅಲ್ಲ ಅಂತ ನನ್ನ ಮುಖ ನೋಡಿ ಹೇಳಿ."

ಅವನು ಮುಖ ನೋಡಿದ. ಬೇಕಾದ್ದಕ್ಕಿಂತ ಕೊಂಚ ಜಾಸ್ತಿ ಹೊತ್ತೇ ನೋಡಿದ. ಆಮೇಲೆ "ಗೋಡೆ ನೋಡಿ ಹೇಳಲಾ?" ಎಂದು ಟ್ಯೂಬ್‌ಲೈಟ್ ಹಾಕಿದ.

ಆ ಬಿಳಿ ಬೆಳಕಲ್ಲಿ ಅವಳ ಓಕರ್ ಹಸಿರಿಗೆ ತಿರುಗಿ ಕೆಸರಿನಂತೆ ಕಂಡಿತು. ಅವಳು ಸ್ಟೂಲಿನಿಂದ ಎದ್ದು ಗೋಡೆಯ ಹತ್ತಿರ ಹೋದಳು.

"ಇದನ್ನ ಹಗಲು ಹೊತ್ತು ನೋಡೇ ಇಲ್ವಾ ನೀವು?"

"ಭಾನುವಾರವೂ ಲ್ಯಾಬ್ ಇತ್ತು."

"ಹಲ್ಲಿನ ಬಣ್ಣ ಎಲ್ಲಿ ನಿಂತು ನೋಡ್ತೀರಿ?"

ಅವನು ತಲೆ ತಗ್ಗಿಸಿದ. "ಕಿಟಕಿ ಹತ್ರ. ಹಗಲು ಬೆಳಕಲ್ಲೇ."

ಅವಳಿಗೆ ನಗಬೇಕೋ ರೋಲರಿನಿಂದ ಒಂದು ಕೊಡಬೇಕೋ ತಿಳಿಯಲಿಲ್ಲ. "ಮತ್ತೆ ನನ್ನ ಗೋಳು ಯಾಕ್ರೀ ಹೊಯ್ಕೊಂಡ್ರಿ? ದಿನಾ ಬೆಳಿಗ್ಗೆ ಚಪ್ಪಲಿ ಬಿಡೋಕೂ ಮುಂಚೆ ಗೋಡೆ ಹತ್ರ ಓಡ್ತಿದ್ದೆ, ಏನು ಬರೆದಿದೀರೋ ಅಂತ. ನೋಡಿದ್ರೆ ಇದಲ್ಲ, ಇದಲ್ಲ. ನನ್ನನ್ನೇ ಬೇಡ ಅಂದ ಹಾಗಾಗ್ತಿತ್ತು."

ಆಡಿದ ಮಾತು ಆಡಿಯಾಗಿತ್ತು. ಅವಳ ಕಿವಿ ಬಿಸಿಯಾಯಿತು.

"ಆ ಟೀ ಮಾಡೋಕೆ ದಿನಾ ಅರ್ಧ ಗಂಟೆ ಬೇಗ ಏಳ್ತಿದ್ದೆ," ಎಂದ ಅವನು. ಕೈ ಉಜ್ಜಿಕೊಂಡ.

"ನಾಳೆ ರಜೆ ಹಾಕಿ, ಬಿಸಿಲಲ್ಲಿ ನೋಡಿ. ಆಮೇಲೂ ಇದಲ್ಲ ಅಂದ್ರೆ ಈ ಕಡೆ ನಾನು ತಲೆ ಹಾಕಿನೂ ಮಲಗಲ್ಲ."

ಮರುದಿನ ಅವಳು ಬೇಕೆಂತಲೇ ಮಧ್ಯಾಹ್ನಕ್ಕೆ ಬಂದಳು. ಬಾಗಿಲು ತೆರೆದಿತ್ತು. ಗೋಡೆಯ ಎದುರು ಎರಡು ಲೋಟ ಇಟ್ಟುಕೊಂಡು ಅವನು ನೆಲದ ಮೇಲೆ ಕೂತಿದ್ದ. ಬಿಸಿಲು ಬಿದ್ದಲ್ಲಿ ಪೆನ್ಸಿಲ್ಲಿನ ಹೊಸ ಸಾಲು:

"ಇದೇ. ನೀವೂ ಇರಿ."

ಅವಳು ಎರಡು ಸಲ ಓದಿದಳು. ಚೀಲವನ್ನು ಮೂಲೆಗಿಟ್ಟು ಅವನ ಪಕ್ಕ ಕೂತಳು.

"ಐದನೇ ಕೋಟ್ ನಾನು ಹೊಡೆಯಲ್ಲ," ಎಂದಳು.